ಮುಂದಾಳಿನ ಮೊದಲ ಕಾಯಕ

ಮನುಷ್ಯನು ಮಾಡುವ ಕೆಲಸವು ಒಂದೇ ಆಗಿದ್ದರೂ ಅದನ್ನು ಮಾಡುವ ಉಪಕರಣಗಳು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿವೆ. ಏತವು ಹೋಗಿ ಪಂಪು ಬಂದಿತು. ಬೀಸುವ ಕಲ್ಲು ಹೋಗಿ ಹಿಟ್ಟಿನ ಗಿರಣಿ ಬಂದಿತು. ಲೆಕ್ಕದ ಕಡತವು ಹೋಗಿ ಗಣಕಯಂತ್ರವು ಬಂದಿತು. ಇಂಥ ಬದಲಾವಣೆಗಳನ್ನು ತಡೆಯುವುದು ಯಾರಿಂದಲೂ ಆಗದು. ತಡೆಯಬೇಕಾದ ಅಗತ್ಯವೂ ಇಲ್ಲ. ಆದರೆ ಉಪಕರಣವು ಬದಲಾಗುವ ಪ್ರತಿಯೊಂದು ಸಂಧಿಯಲ್ಲಿಯೂ ಒಂದು ನೈತಿಕ ಪ್ರಶ್ನೆಯು ಏಳುತ್ತದೆ. ಹೊಸ ವಿದ್ಯೆಯನ್ನು ಬಲ್ಲವರು ಕೆಲವರು, ಅರಿಯದವರು ಹಲವರು. ಬಲ್ಲವನಿಗೆ ಅರಿಯದವನ ಮೇಲೆ ಒಂದು ಬಗೆಯ ಅಧಿಕಾರವು ತಾನಾಗಿಯೇ ಒದಗುತ್ತದೆ. ಆ ಅಧಿಕಾರವನ್ನು ಅವನು ಹೇಗೆ ಬಳಸಬೇಕು? ಹತ್ತು ಜನರ ಕೆಲಸಕ್ಕೆ ಮುಂದಾಳಾದವನು ಇಂಥ ಸಂಧಿಕಾಲದಲ್ಲಿ ಕೈಕೊಳ್ಳಬೇಕಾದ ಮೊದಲ ಕಾಯಕವು ಯಾವುದು?

ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಬೆಂಗಳೂರಿನ ಗಾಜಿನ ಸೌಧಗಳವರೆಗೆ ಹೋಗಬೇಕಾಗಿಲ್ಲ. ಕಡೂರು ತಾಲ್ಲೂಕಿನ ಪಂಚನಹಳ್ಳಿಯು ಒಂದು ಹೋಬಳಿಯ ಕೇಂದ್ರ. ಸುತ್ತಣದು ರಾಗಿ ತೆಂಗುಗಳನ್ನು ನಂಬಿದ ಬಯಲುಸೀಮೆ. ಇಂಥ ಸೀಮೆಯ ರೈತನ ಬಾಳು ಮಳೆಯನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆಯೋ ಅಷ್ಟರಮಟ್ಟಿಗೇ ಪಹಣಿಯೆಂಬ ಒಂದು ಹಾಳೆಯನ್ನೂ ಅವಲಂಬಿಸಿದೆ. ಸಹಕಾರ ಸಂಘದ ಸಾಲಕ್ಕೆ ಅದು ಬೇಕು, ಬೆಳೆವಿಮೆಗೆ ಬೇಕು, ತಂದೆಯು ಕಾಲವಾದ ಮೇಲೆ ಅಣ್ಣತಮ್ಮಂದಿರು ಪಾಲಾಗುವಾಗ ಬೇಕು. ಆ ಹಾಳೆಯನ್ನು ಬರೆಯುವ ಕೈ ಯಾರದು ಎಂಬುದು ಹಳ್ಳಿಯ ಬಾಳಿನಲ್ಲಿ ಎಂದೂ ಸಣ್ಣ ಮಾತಾಗಿರಲಿಲ್ಲ.

ಹಿಂದೆ ಆ ಕೈ ಶಾನುಭೋಗರದಾಗಿತ್ತು. ಲೆಕ್ಕದ ವಿದ್ಯೆ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಊರಿನ ಸರ್ವೆ ನಂಬರುಗಳೆಲ್ಲ ಅವರಿಗೆ ಬಾಯಿಪಾಠ. ಅವರಲ್ಲಿ ಧರ್ಮಭೀರುಗಳೂ ಇದ್ದರು, ಲೇಖನಿಯ ಒಂದು ಗೀಟಿನಿಂದ ಬಡವನ ಹೊಲವನ್ನು ಕರಗಿಸಿದವರೂ ಇದ್ದರು. 1961ರ ಕಾಯಿದೆಯು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿತು. ಹುಟ್ಟಿನಿಂದ ಬರುತ್ತಿದ್ದ ಕೆಲಸವು ನೇಮಕದಿಂದ ಬರುವಂತಾಯಿತು. ಶಾನುಭೋಗರ ಸ್ಥಾನದಲ್ಲಿ ಗ್ರಾಮಲೆಕ್ಕಿಗರು ಬಂದರು. ಮನುಷ್ಯನು ಬದಲಾದನು, ಆದರೆ ಲೇಖನಿಯೂ ಕಡತವೂ ಹಾಗೆಯೇ ಉಳಿದವು. ಊರೂರಿನ ದಫ್ತರವು ಒಬ್ಬನ ಕೈಯಲ್ಲಿರುವವರೆಗೆ, ಅದನ್ನು ನೋಡಬೇಕೆನ್ನುವವನು ಅವನ ಮನೆಯ ಬಾಗಿಲಿನಲ್ಲಿ ಕಾಯುವುದೂ ತಪ್ಪಲಿಲ್ಲ.

ಉಪಕರಣವೇ ಬದಲಾದದ್ದು ಅನಂತರ ನಾಲ್ಕು ದಶಕಗಳಾದ ಮೇಲೆ. 2000ದ ಸುಮಾರಿನಲ್ಲಿ ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಯೋಜನೆಯನ್ನು ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳ್ತನದಲ್ಲಿ ತಾಲ್ಲೂಕುಗಳಿಗೆಲ್ಲ ಹಬ್ಬಿಸಿತು. ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಗಣಕಕ್ಕೆ ಏರಿದವು. ರೈತನು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಯ ಶುಲ್ಕವನ್ನು ತೆತ್ತು ತನ್ನ ಪಹಣಿಯನ್ನು ಅಚ್ಚಾದ ರೂಪದಲ್ಲಿ ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂದು ನಿಯಮವಾಯಿತು. ದಾಖಲೆಯನ್ನು ತೆರೆಯುವ ನೌಕರನು ತನ್ನ ಬೆರಳ ಗುರುತನ್ನು ಕೊಟ್ಟೇ ಒಳಹೊಗಬೇಕಾಯಿತು; ಯಾರು ಯಾವಾಗ ಏನನ್ನು ತಿದ್ದಿದರೆಂಬುದು ಅಳಿಯದೆ ಉಳಿಯುವಂತಾಯಿತು. ಗಣಕದ ಮುಂದೆ ನೌಕರನಿಗೊಂದು ಪರದೆ, ಎದುರಿಗೆ ನಿಂತ ರೈತನಿಗೊಂದು ಪರದೆ ಎಂಬ ಏರ್ಪಾಡೂ ನಡೆಯಿತು. ಹಳ್ಳಿಗನು ತನ್ನ ನೆಲದ ಲೆಕ್ಕವನ್ನು ಬರೆಯುವವನ ಎದುರಿನಲ್ಲಿ ತಾನೇ ಕಣ್ಣಾರೆ ಕಾಣುವಂತಾದದ್ದು ಅಲ್ಪವಾದ ಸಂಗತಿಯಲ್ಲ.

ಈ ಕಾರ್ಯದಲ್ಲಿ ಯಂತ್ರಕ್ಕಿಂತ ಕಷ್ಟವಾದದ್ದು ಮನುಷ್ಯರನ್ನು ಅಣಿಗೊಳಿಸುವುದು. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರು ತಮ್ಮ ಕೈಬರಹದ ದಫ್ತರಗಳನ್ನು ಸರಿಪಡಿಸಿ ಒಪ್ಪಿಸಬೇಕಾಗಿತ್ತು. ತಮ್ಮ ಕೈಯಿಂದ ಅಧಿಕಾರವೊಂದು ಜಾರಿಹೋಗುವ ಕಾರ್ಯಕ್ಕೆ ತಾವೇ ದುಡಿಯಬೇಕಾದ ಸ್ಥಿತಿ ಅದು. ಹೊಸದಾಗಿ ಬಂದ ತರುಣ ನೌಕರರಿಗೆ ಗಣಕದ ತರಬೇತಿಯಾಯಿತು. ಅವರು ಕಚೇರಿಯ ಕಿಟಕಿಯ ಹಿಂದೆ ಕುಳಿತರು. ಮೂವತ್ತು ವರ್ಷ ಲೇಖನಿಯನ್ನು ಹಿಡಿದ ಹಿರಿಯನು, ನೆಲವನ್ನು ಬಲ್ಲವನಾದರೂ ಯಂತ್ರವನ್ನು ಅರಿಯದವನಾಗಿ ಬದಿಗೆ ನಿಂತನು. ತರುಣನು ಯಂತ್ರವನ್ನು ಬಲ್ಲವನಾದರೂ ನೆಲವನ್ನು ಅರಿಯದವನು. ಕೈಬರಹದಿಂದ ಯಂತ್ರಕ್ಕೆ ಏರುವಾಗ ಎಷ್ಟೋ ಹೆಸರುಗಳು ತಪ್ಪಿದವು, ಎಷ್ಟೋ ಗುಂಟೆಗಳು ಹೆಚ್ಚುಕಡಿಮೆಯಾದವು; ಪಹಣಿ ತಿದ್ದುಪಡಿಗಾಗಿ ಅಲೆಯುವ ರೈತರು ಇಂದಿಗೂ ಇದ್ದಾರೆ. ‘ಸಿದ್ದಪ್ಪ’ನು ‘ಸಿದ್ದಯ್ಯ’ನಾದರೆ ಯಂತ್ರಕ್ಕೆ ಅದರ ನೋವಿಲ್ಲ. ಅದು ಬರೆದದ್ದನ್ನು ಕಾಯ್ದಿಡಬಲ್ಲುದೇ ಹೊರತು ಬರೆದದ್ದು ಸತ್ಯವೇ ಎಂದು ಅರಿಯಲಾರದು. ಆ ಅರಿವು ಬದಿಗೆ ನಿಂತ ಹಿರಿಯನಲ್ಲಿತ್ತು.

ಇಲ್ಲಿಯೇ ವಿದ್ಯಾಭ್ಯಾಸದ ಪ್ರಶ್ನೆಯು ಬರುತ್ತದೆ. ಕರ್ನಾಟಕವು ಈ ವಿದ್ಯೆಯಲ್ಲಿ ಹಿಂದೆ ಬಿದ್ದ ನಾಡಲ್ಲ. ಕಿಯೋನಿಕ್ಸ್ ಸಂಸ್ಥೆಯು 1976ರಲ್ಲಿ ಹುಟ್ಟಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆಯು ಬೆಂಗಳೂರಿನಲ್ಲಿ ನೆಲೆಯೂರಿತು. ರಾಜ್ಯವು 1997ರಲ್ಲಿ ಮಾಹಿತಿ ತಂತ್ರಜ್ಞಾನಕ್ಕೆಂದೇ ಒಂದು ನೀತಿಯನ್ನು ಸಾರಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಇಂದು ಹಳ್ಳಿಹಳ್ಳಿಯ ಮನೆಗಳಿಂದಲೂ ಮಕ್ಕಳು ಈ ವಿದ್ಯೆಯನ್ನು ಕಲಿತು ರಾಜಧಾನಿಗೂ ಹೊರದೇಶಗಳಿಗೂ ಹೋಗುತ್ತಿದ್ದಾರೆ. ಆದರೆ ಯಂತ್ರದ ಕೈಚಳಕವು ಬೇರೆ, ಕೆಲಸದ ಅರಿವು ಬೇರೆ. ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಆರು ತಿಂಗಳಲ್ಲಿ ಕಲಿಸಬಹುದು. ಒತ್ತಿದುದರಿಂದ ಎದುರಿಗಿರುವವನ ಬಾಳಿನಲ್ಲಿ ಏನಾಗುವುದೆಂಬುದನ್ನು ಕಲಿಯಲು ಬೇರೊಂದು ಶಾಲೆಯು ಬೇಕು. ಹಿರಿಯನ ಅರಿವೂ ಕಿರಿಯನ ಚಳಕವೂ ಒಂದೆಡೆ ಕೂಡಿದರೆ ಮಾತ್ರ ಆ ವಿದ್ಯೆಯು ಪೂರ್ಣವಾಗುತ್ತದೆ. ಅವರಿಬ್ಬರನ್ನೂ ಕೂಡಿಸುವವನೇ ಮುಂದಾಳು. ಕೂಡಿಸಬೇಕಾದರೆ ಮೊದಲು ಅವನೇ ಕಲಿಯುವವನಾಗಬೇಕು.

ಶರಣರ ಚರಿತ್ರೆಯಲ್ಲಿ ಇದಕ್ಕೆ ಉಜ್ಜ್ವಲವಾದ ನಿದರ್ಶನವಿದೆ. ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದವನು, ಗುಡಿಗಳನ್ನು ಎತ್ತಿಸಿದವನು. ಅಸಂಖ್ಯ ಕೆಲಸಗಾರರಿಗೆ ಒಡೆಯನಾಗಿ ನಿಂತವನು. ಅವನಷ್ಟು ದೊಡ್ಡ ಕಾಮಗಾರಿಯನ್ನು ನಡೆಸಿದ ಮುಂದಾಳುಗಳು ಆ ಕಾಲದಲ್ಲಿ ವಿರಳ. ಅಂಥವನು ಅಲ್ಲಮಪ್ರಭುವಿನ ಮಾತಿಗೆ ಮಣಿದು ಕಲ್ಯಾಣಕ್ಕೆ ಬಂದನೆಂದೂ, ಅಲ್ಲಿ ವಯಸ್ಸಿನಲ್ಲಿ ತನಗಿಂತ ಕಿರಿಯನಾದ ಚನ್ನಬಸವಣ್ಣನಿಂದ ದೀಕ್ಷೆಯನ್ನು ಪಡೆದನೆಂದೂ ಪರಂಪರೆಯು ಹೇಳುತ್ತದೆ. ಸಾವಿರ ಜನರಿಗೆ ಅಪ್ಪಣೆ ಕೊಡುತ್ತಿದ್ದವನು ಒಬ್ಬ ಯುವಕನ ಮುಂದೆ ಶಿಷ್ಯನಾಗಿ ಕುಳಿತನು. ಇದರಿಂದ ಅವನ ಹಿರಿಮೆಗೆ ಕುಂದು ಬರಲಿಲ್ಲ. ಮುಂದೆ ಅವನೇ ಶೂನ್ಯಪೀಠವನ್ನು ಏರಿದನು. ಕಚೇರಿಯ ಹಿರಿಯ ಅಧಿಕಾರಿಯೊಬ್ಬನು ಇಪ್ಪತ್ತೈದು ವರ್ಷದ ತರುಣಿಯ ಬಳಿ ಕುಳಿತು, ‘ತಾಯಿ, ಇದನ್ನು ಹೇಗೆ ಮಾಡುವುದು, ನನಗೆ ತೋರಿಸು’ ಎಂದು ಕೇಳಲು ನಾಚುವನಾದರೆ ಅವನು ಸಿದ್ಧರಾಮನ ಕಥೆಯನ್ನು ನೆನೆಯಬೇಕು. ಹಾಗೆ ಕೇಳಿದ ದಿನವೇ ಆ ಕಚೇರಿಯ ಉಳಿದ ಹಿರಿಯರ ನಾಚಿಕೆಯೂ ಅಳಿಯುತ್ತದೆ. ತಾನು ಕಲಿಯದೆ ಇತರರಿಗೆ ‘ಕಲಿಯಿರಿ’ ಎಂದು ಆಜ್ಞೆ ಹೊರಡಿಸುವವನು ಭಯವನ್ನು ಹುಟ್ಟಿಸಬಲ್ಲನು, ವಿದ್ಯೆಯನ್ನು ಹುಟ್ಟಿಸಲಾರನು.

ಇದಕ್ಕೆ ಎದುರಾಗಿ ಬಲ್ಲವನ ಮನಸ್ಸಿನಲ್ಲಿ ಒಂದು ಶಂಕೆಯು ಏಳಬಹುದು: ‘ನಾನು ಬಲ್ಲುದನ್ನೆಲ್ಲ ಇತರರಿಗೆ ಕಲಿಸಿದರೆ ನನ್ನ ಬೆಲೆ ಏನು ಉಳಿಯಿತು? ನಾಳೆ ನನ್ನನ್ನೇ ಬೇಡವೆಂದರೆ?’ ಈ ಶಂಕೆಯನ್ನು ತುಚ್ಛವೆಂದು ತಳ್ಳಿಹಾಕಲಾಗದು. ಕೃತಕ ಬುದ್ಧಿಮತ್ತೆಯೆಂಬ ಹೊಸ ಸಾಧನವು ಬಂದಿರುವ ಈ ದಿನಗಳಲ್ಲಿ, ನಿನ್ನೆ ಕಲಿತ ವಿದ್ಯೆಯು ನಾಳೆಗೆ ಒದಗುವುದೋ ಇಲ್ಲವೋ ಎಂಬ ಅಂಜಿಕೆಯು ಗಣಕದ ಪಂಡಿತರನ್ನೂ ಬಿಟ್ಟಿಲ್ಲ. ಸಂಸಾರದ ಭಾರವನ್ನು ಹೊತ್ತ ಗೃಹಸ್ಥನಿಗೆ ಇಂಥ ಅಂಜಿಕೆ ಸಹಜ. ಆದರೆ ಬಚ್ಚಿಟ್ಟ ವಿದ್ಯೆಯು ಅವನನ್ನು ಕಾಯುವುದೇ ಎಂಬುದನ್ನು ವಿಚಾರಿಸಬೇಕು. ಉಪಕರಣವು ಮತ್ತೆ ಬದಲಾದೊಡನೆ ಅವನು ಬಚ್ಚಿಟ್ಟದ್ದು ಹಳೆಯ ನಾಣ್ಯದಂತೆ ಚಲಾವಣೆಯನ್ನು ಕಳೆದುಕೊಳ್ಳುತ್ತದೆ. ಅಂದು ಅವನಿಗೆ ಹೊಸದನ್ನು ಕಲಿಸಲು ಯಾರೂ ಮುಂದೆ ಬಾರರು, ಏಕೆಂದರೆ ಅವನು ಯಾರಿಗೂ ಕಲಿಸಲಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಂದ ಕಡೆಗೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳೆಂಬ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಒಬ್ಬನ ಚೀಲದಲ್ಲಿ ಹೆಚ್ಚಾಗಿ ಕೂಡಿಬಿದ್ದದ್ದು ಇನ್ನೊಬ್ಬರ ಪಾಲಿನದು ಎಂಬುದು ಅವಳ ಅರಿವು. ಅಕ್ಕಿಯಾದರೂ ಕೊಟ್ಟರೆ ಕಡಿಮೆಯಾಗುತ್ತದೆ. ವಿದ್ಯೆಯು ಕೊಟ್ಟರೂ ಕೊಟ್ಟವನಲ್ಲಿ ಉಳಿಯುತ್ತದೆ. ಕೊಟ್ಟರೆ ಸವೆಯದುದನ್ನೂ ಕೊಡದವನ ಲೋಭಕ್ಕೆ ಯಾವ ಸಮರ್ಥನೆ ಇದೆ?

ಕಲಿಸುವ ಹೊಣೆಯು ಬಲ್ಲವನದಾದರೆ, ಕಲಿಯಲು ಬೇಕಾದ ಸಾಧನವನ್ನೂ ಸಮಯವನ್ನೂ ಒದಗಿಸುವ ಹೊಣೆಯು ಮೇಲಿನವನದು. ಗ್ರಾಮಲೆಕ್ಕಿಗರು ಇಂದು ಗ್ರಾಮ ಆಡಳಿತಾಧಿಕಾರಿಗಳೆನಿಸಿದ್ದಾರೆ. ಬೆಳೆ ಸಮೀಕ್ಷೆ, ಪಹಣಿಗೆ ಆಧಾರ್ ಜೋಡಣೆ ಮೊದಲಾದ ಹತ್ತಾರು ಕೆಲಸಗಳಿಗೆ ಒಂದೊಂದಕ್ಕೂ ಒಂದೊಂದು ಆ್ಯಪ್ ಅವರ ಮೊಬೈಲಿಗೆ ಬಂದಿಳಿದಿದೆ. 2024ರ ಸೆಪ್ಟೆಂಬರಿನಲ್ಲಿ ಅವರು ರಾಜ್ಯದಾದ್ಯಂತ ಕೆಲಸವನ್ನು ನಿಲ್ಲಿಸಿ ಮುಷ್ಕರವನ್ನು ಹೂಡಿದರು. ಆ್ಯಪುಗಳ ಮೇಲೆ ಆ್ಯಪುಗಳು ಬರುತ್ತಿವೆ, ಅವುಗಳನ್ನು ನಡೆಸಲು ತಕ್ಕ ಸಲಕರಣೆಯಾಗಲಿ ಕಚೇರಿಯ ಅನುಕೂಲವಾಗಲಿ ಇಲ್ಲ ಎಂಬುದು ಅವರ ಮೊರೆಗಳಲ್ಲಿ ಮುಖ್ಯವಾದುದು. ಮುಷ್ಕರದ ನ್ಯಾಯಾನ್ಯಾಯಗಳನ್ನು ತೂಗುವುದು ಬೇರೆಯ ವಿಷಯ. ಆ ದಿನಗಳಲ್ಲಿ ಕೆಲಸ ನಿಂತು ತೊಂದರೆಪಟ್ಟವರೂ ಹಳ್ಳಿಗರೇ ಎಂಬುದನ್ನು ಮರೆಯಲಾಗದು. ಆದರೆ ಅದು ಕಲಿಸುವ ಪಾಠವು ಸ್ಪಷ್ಟವಾಗಿದೆ. ರೈತನ ಬವಣೆಯನ್ನು ಕಳೆಯಲೆಂದು ಬಂದ ಉಪಕರಣವು, ಅವನಿಗೆ ಸೇವೆ ಸಲ್ಲಿಸುವವನ ಬವಣೆಯಾಗಿ ಪರಿಣಮಿಸಬಾರದು. ನೊಗವನ್ನು ಹೆಗಲಿಗೇರಿಸುವವನು ಹೆಗಲನ್ನೂ ನೋಡಬೇಕು.

ಯಂತ್ರವು ಬಂದರೆ ಅನ್ಯಾಯವು ತಾನಾಗಿಯೇ ಹೋಗುವುದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಬೆಂಗಳೂರಿನ ಸುತ್ತಮುತ್ತಣ ಭೂವ್ಯವಹಾರಗಳನ್ನು ಪರಿಶೀಲಿಸಿದ ಕೆಲವು ವಿದ್ವಾಂಸರು, ದಾಖಲೆಗಳು ಒಂದೆಡೆ ಸುಲಭವಾಗಿ ದೊರೆಯುವಂತಾದುದರಿಂದ ಬಡ ರೈತನಿಗಿಂತ ದೊಡ್ಡ ಹಣವಂತರಿಗೇ ಹೆಚ್ಚು ಅನುಕೂಲವಾಯಿತೆಂದು 2007ರಲ್ಲಿಯೇ ಬರೆದರು. ದೀಪವು ಮನೆಯವನಿಗೂ ಬೆಳಕು ಕೊಡುತ್ತದೆ, ಕಳ್ಳನಿಗೂ ಬೆಳಕು ಕೊಡುತ್ತದೆ. ಆದ್ದರಿಂದ ದೀಪವನ್ನು ಆರಿಸಬೇಕಾಗಿಲ್ಲ, ಮನೆಯವನು ಎಚ್ಚರವಾಗಿರಬೇಕು. ಓದು ಬಾರದ ತಾಯಿಯು ತನ್ನ ಎದುರಿಗಿರುವ ಪರದೆಯಲ್ಲಿ ಏನಿದೆಯೆಂದು ಅರಿಯುವವರೆಗೆ ಆ ಪರದೆಯು ಅವಳ ಪಾಲಿಗೆ ಗೋಡೆಯೇ ಸರಿ.

ಈ ಎಚ್ಚರದಲ್ಲಿ ಗೃಹಸ್ಥರಾದ ಭಕ್ತರಿಗೂ ಪಾಲಿದೆ. ಮುಂದಾಳುತನವು ಕುರ್ಚಿಯಲ್ಲಿ ಕುಳಿತವರದು ಮಾತ್ರವಲ್ಲ. ನಾಡಕಚೇರಿಯ ಮುಂದೆ ಅರ್ಜಿಯನ್ನು ಹಿಡಿದು ನಿಂತ ನೆರೆಮನೆಯವನಿಗೆ ಎರಡು ಮಾತು ತಿಳಿಸಿ ಹೇಳುವವನು ಆ ಹೊತ್ತಿಗೆ ಮುಂದಾಳು. ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬಂದ ಮಗನು ತನ್ನ ಮೊಬೈಲಿನಲ್ಲಿ ಮುಳುಗಿ ಕೂಡುವ ಬದಲು, ಕೇರಿಯ ನಾಲ್ವರು ಹಿರಿಯರನ್ನು ಜಗುಲಿಯಲ್ಲಿ ಕೂರಿಸಿಕೊಂಡು, ಅವರವರ ಪಹಣಿಯನ್ನು ತೆರೆದು ನೋಡುವ ಬಗೆಯನ್ನೂ, ಅಪರಿಚಿತರು ಕೇಳಿದರೆ ಬ್ಯಾಂಕಿನ ಗುಟ್ಟಿನ ಸಂಖ್ಯೆಯನ್ನು ಹೇಳಬಾರದೆಂಬ ಎಚ್ಚರವನ್ನೂ ಕಲಿಸಿದರೆ, ಅದು ದಾಸೋಹವೇ. ಅದೇ ಹಿರಿಯರಿಂದ ಹೊಲದ ಎಲ್ಲೆಗಳನ್ನೂ ಹಳೆಯ ಪಾಲುಗಳನ್ನೂ ಅವನು ಕೇಳಿ ತಿಳಿದರೆ ಅವನ ವಿದ್ಯೆಯೂ ಬೇರೂರುತ್ತದೆ. ಕೊಡುವವನು ಯಾರು, ಕೊಳ್ಳುವವನು ಯಾರು ಎಂಬ ಭೇದವು ಅಲ್ಲಿ ಉಳಿಯುವುದಿಲ್ಲ.

ಉಪಕರಣವು ಇನ್ನೂ ಎಷ್ಟೋ ಸಲ ಬದಲಾಗಲಿದೆ. ಕಾಯಕವು ಉಪಕರಣಕ್ಕೆ ಅಂಟಿದ್ದಲ್ಲ. ಅದು ಯಾರಿಗಾಗಿ ಮಾಡಲ್ಪಡುವುದೋ ಆ ಮನುಷ್ಯನಿಗೆ ಅಂಟಿದ್ದು. ಮುಂದಾಳಿನ ಯೋಗ್ಯತೆಯನ್ನು ಅಳೆಯುವಾಗ ಅವನು ಎಷ್ಟು ಬಲ್ಲನೆಂದು ಕೇಳುವುದಕ್ಕಿಂತ, ಅವನು ಬಲ್ಲುದರಲ್ಲಿ ಎಷ್ಟು ಇತರರ ಕೈಗೆ ಸಂದಿದೆ, ಅವನ ಹಿಂದೆ ಬರುವವರಲ್ಲಿ ಎಷ್ಟು ಜನರು ಅಂಜಿಕೆಯಿಲ್ಲದೆ ಹೊಸ ಕೆಲಸಕ್ಕೆ ಕೈಹಚ್ಚಿದ್ದಾರೆ ಎಂದು ಕೇಳುವುದು ಲೇಸು. ತಾನು ಮೊದಲು ಕಲಿಯುವುದು, ಕಲಿತದ್ದನ್ನು ಕೈಬಿಚ್ಚಿ ಕಲಿಸುವುದು, ಕಲಿಯಲಾರದೆ ಹಿಂದುಳಿದವನನ್ನು ಹೀಯಾಳಿಸದೆ ಕೈಹಿಡಿಯುವುದು ಎಂಬೀ ಮೂರನ್ನು ಬಿಟ್ಟು ಅವನಿಗೆ ಬೇರೆ ಹಿರಿಮೆಯಿಲ್ಲ.