ಊರಿನವರ ಕ್ಷೇಮ ಕೇಳಿದ ನೆಹೆಮೀಯ

ನೆಹೆಮೀಯ 1ನೇ ಅಧ್ಯಾಯ ತೆಗೆಯಿರಿ. ಈತ ಶೂಷನ್ ಅರಮನೆಯಲ್ಲಿ ಅರಸನ ಪಾನಸೇವಕ. ಒಳ್ಳೇ ಕೆಲಸ, ನಮ್ಮಲ್ಲಿ ಕೆಲವರ ಹಾಗೆ. ಊರ ಕಡೆಯಿಂದ ಹನಾನಿ ಬಂದಾಗ ಇವನೇ ಕೇಳ್ತಾನೆ, ನಮ್ಮವರು ಹೇಗಿದ್ದಾರೆ ಅಂತ. ಕೇಳಿದ್ದರಿಂದಲೇ ಅಳಬೇಕಾಯಿತು. ಕೇಳದೇ ಆರಾಮಾಗಿ ಇರಬಹುದಿತ್ತು!

ಬೇಲೂರು, ಆಲೂರು, ಸಕಲೇಶಪುರದಿಂದ ಬೆಂಗಳೂರಿಗೆ ಬಂದ ಮಕ್ಕಳೇ, ಮನೆಗೆ ಫೋನ್ ಮಾಡಿದಾಗ 'ಊಟ ಆಯ್ತಾ' ಅಂತೀವಿ. 'ಆನೆ ಎಲ್ಲಿದೆಯಮ್ಮ' ಅಂತ ಕೇಳ್ತೀವಾ? ಕಾಫಿ ಕೊಯ್ಲಿನಲ್ಲಿ ಮಂಜು ಕರಗುವ ಮೊದಲೇ ಅವರು ತೋಟಕ್ಕೆ ಇಳೀತಾರೆ. ಹತ್ತು ಅಡಿ ಮುಂದೇನಿದೆ ಕಾಣಲ್ಲ.

2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯದಲ್ಲಿ ದಸರಾ ಆನೆ ಅರ್ಜುನ ಸತ್ತಾಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಎಂಟು ಸಲ ಅಂಬಾರಿ ಹೊತ್ತವನು, ದುಃಖ ತಪ್ಪಲ್ಲ. ಆದರೆ ಕೂಲಿಗೆ ಹೋದ ತಾಯಿ ಆನೆ ತುಳಿತಕ್ಕೆ ಸತ್ತರೆ ಎಷ್ಟು ಜನ ಹಾಕ್ತೀವಿ?

ಕೆಲವರು ಹೇಳ್ತಾರೆ, 'ವಿಶ್ವಾಸ ಇದ್ದರೆ ಕರ್ತನು ಕಾಯುತ್ತಾನೆ.' ಕಾಯುತ್ತಾನೆ, ಆಮೆನ್. ಆದರೆ ಸತ್ತವರಿಗೆ ವಿಶ್ವಾಸ ಕಮ್ಮಿಯಿತ್ತು ಅಂತ ಮಾತ್ರ ಹೇಳಬೇಡಿ. ನೆಹೆಮೀಯ ಉಪವಾಸ ಮಾಡಿದ, ಪ್ರಾರ್ಥಿಸಿದ. ಆಮೇಲೆ 2ನೇ ಅಧ್ಯಾಯದ 8ನೇ ವಚನ ನೋಡಿ, ವನಪಾಲಕ ಆಸಾಫನಿಗೆ ಪತ್ರ ಕೇಳಿದ. ಅಂದರೆ ಅರಣ್ಯ ಇಲಾಖೆಗೇ ಹೋದ!

ಅರಣ್ಯ ಇಲಾಖೆಯವರು ಆನೆ ಇರುವ ಜಾಗದ ಮೆಸೇಜ್ ಕಳಿಸ್ತಾರೆ. ಅದು ಅಮ್ಮನ ಫೋನಿಗೆ ಬರುತ್ತಾ? ಬಂದರೆ ಓದಿ ಹೇಳೋರು ಯಾರು? ಬೆಳೆಹಾನಿ ಪರಿಹಾರದ ಅರ್ಜಿ ಅಪ್ಪ ಹಾಕಿದ್ದಾರಾ?

ಪ್ರಾರ್ಥನೆಗೆ ಮುಂಚೆ ಐದು ನಿಮಿಷ ಕೊಡ್ತೀನಿ. ಹೊರಗೆ ಹೋಗಿ, ಮನೆಗೆ ಫೋನ್ ಮಾಡಿ ಬನ್ನಿ.