ಬಿಡುವಿಗೂ ಹಕ್ಕುದಾರರಿದ್ದಾರೆ

ನಮ್ಮ ಕರಾವಳಿಯಿಂದ ದುಬೈ, ಶಾರ್ಜಾಗಳಿಗೆ ಹೋಗಿ ಸಂಸಾರ ಹೂಡಿದವರಿಗೆ ರಜೆಯೆಂದರೆ ಬಹುಕಾಲ ಶುಕ್ರವಾರವೇ ಆಗಿತ್ತು. 2022ರ ಜನವರಿಯಲ್ಲಿ ಅಲ್ಲಿನ ಸರಕಾರ ತನ್ನ ಕಚೇರಿಗಳಿಗೆ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರದ ತನಕ ರಜೆ ನೀಡಿತು. ಶಾರ್ಜಾದಲ್ಲಿ ಪೂರ್ತಿ ಮೂರು ದಿನ. ಅನೇಕ ಖಾಸಗಿ ಸಂಸ್ಥೆಗಳೂ ಶನಿವಾರ, ಭಾನುವಾರದ ರಜೆಗೆ ಹೊಂದಿಕೊಂಡವು. ಆದರೆ ಈ ಬಿಡುವು ಯಾರದೆಂದು ನೀವು ಯೋಚಿಸಿದ್ದೀರಾ?

"ವಾರವಿಡೀ ದುಡಿದಿದ್ದೇನೆ, ಈ ದಿನ ನನ್ನದು" ಎನ್ನುತ್ತಾನೆ ಮನೆಯ ಯಜಮಾನ. ಅವನ ದಣಿವು ಸುಳ್ಳಲ್ಲ. ಆದರೆ ಊರಿನಲ್ಲಿ ಅತ್ತೆ, ನಾದಿನಿಯರು ಹಂಚಿಕೊಳ್ಳುತ್ತಿದ್ದ ಕೆಲಸವೆಲ್ಲ ಅಲ್ಲಿ ಪತ್ನಿಯೊಬ್ಬಳ ಪಾಲಿಗೆ ಬಂದಿದೆ. ಕಡಲತೀರಕ್ಕೆ ಹೊರಟರೆ ಬುತ್ತಿ ಕಟ್ಟುವವಳೂ ಅವಳೇ, ಮರಳಿದ ಮೇಲೆ ಪಾತ್ರೆ ತೊಳೆಯುವವಳೂ ಅವಳೇ. ಹಾಗಾದರೆ ಅವಳ ರಜೆ ಎಂದು? ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ.

ಇನ್ನೊಬ್ಬ ಹಕ್ಕುದಾರನೂ ಇದ್ದಾನೆ. 2019ರ ನಿಯಮದಂತೆ, ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4000 ದಿರ್ಹಮ್, ಇಲ್ಲವೇ ವಸತಿಯೊಂದಿಗೆ 3000 ದಿರ್ಹಮ್ ವೇತನ ಬೇಕು. ಅಷ್ಟಿಲ್ಲದ ನಿಮ್ಮ ಊರಿನವನು ಹಲವರೊಂದಿಗೆ ಒಂದೇ ಕೋಣೆಯಲ್ಲಿ ಮಲಗಿ, ಮಕ್ಕಳ ಮುಖವನ್ನು ಮೊಬೈಲಿನಲ್ಲಿ ನೋಡುತ್ತಾನೆ. ಕುಟುಂಬದೊಡನೆ ಕಳೆಯುವ ಒಂದು ಸಂಜೆ ಎಂತಹ ಅನುಗ್ರಹವೆಂದು ಅವನನ್ನು ಕೇಳಿರಿ.

ಆಯುಷ್ಯವನ್ನು ಹೇಗೆ ಕಳೆದೆವೆಂಬ ಪ್ರಶ್ನೆಗೆ ನಾವೆಲ್ಲ ನಾಳೆ ಉತ್ತರಿಸಬೇಕಾಗಿದೆ. ಅದರಲ್ಲಿ ರಜಾದಿನಗಳೂ ಸೇರಿವೆ. ಮುಂದಿನ ರಜೆಗೆ ಅವನನ್ನು ಊಟಕ್ಕೆ ಕರೆಯಿರಿ. ಆದರೆ ಅಂದು ಅಡುಗೆ ನಿಮ್ಮದಾಗಿರಲಿ.