ಬತ್ತಿದ ಹಳ್ಳದ ದಾರಿ

ಮಳವಳ್ಳಿಯಿಂದ ಪಾವಗಡಕ್ಕೆ ಹೋಗುವ ರಾಜ್ಯ ಹೆದ್ದಾರಿ ಕೊರಟಗೆರೆ ದಾಟಿದ ಮೇಲೆ ಬೆಟ್ಟಗಳ ನಡುವೆ ಸಾಗುತ್ತದೆ. ಬಂಡೆ, ಕುರುಚಲು, ಅಲ್ಲಲ್ಲಿ ಹುಣಸೆ ಮರ, ಮತ್ತೆ ಹೊಲ. ಹೊರಗಿನಿಂದ ಬಂದವರು ಇದನ್ನು ಕಾಡು ಎನ್ನಲಾರರು. ಕರಡಿಗೆ ಮಾತ್ರ ಇದೇ ಮನೆ. ಹಗಲೆಲ್ಲ ಬಂಡೆಯ ಗವಿಯಲ್ಲಿ ಮಲಗಿದ್ದು, ಹೊತ್ತು ಮುಳುಗಿದ ಮೇಲೆ ಗೆದ್ದಲು, ಜೇನು, ಹಣ್ಣು ಹುಡುಕಿಕೊಂಡು ಇಳಿಯುತ್ತದೆ. ಈ ಬೆಟ್ಟದಿಂದ ಆ ಬೆಟ್ಟಕ್ಕೆ ಹೋಗಬೇಕೆಂದರೆ ನಡುವೆ ಡಾಂಬರು ರಸ್ತೆ. ಮರಿಗಳಿದ್ದರೆ ತಾಯಿ ಅವನ್ನು ಬೆನ್ನ ಮೇಲೆ ಹೊತ್ತೇ ನಡೆಯುತ್ತದೆ. ಲಾರಿಯೊಂದು ಗುದ್ದಿದರೆ ಮೂರು ಜೀವ ಒಟ್ಟಿಗೇ ಹೋಗುತ್ತವೆ.

ರಸ್ತೆಯಲ್ಲಿ ಕಾಡುಪ್ರಾಣಿ ಸಾಯುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಬಂಡೀಪುರದ ಚರ್ಚೆ ನಡೆಯುತ್ತದೆ. ಅಲ್ಲಿ 2009ರಲ್ಲಿ ಶುರುವಾದ ರಾತ್ರಿ ಸಂಚಾರ ನಿಷೇಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ಆ ಗೇಟನ್ನು ಯಾವ ಒತ್ತಡಕ್ಕೂ ತೆರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೆ ಅದೇ ಮದ್ದು ನಾಟುವುದಿಲ್ಲ. ಇಲ್ಲಿಯೂ ರಕ್ಷಿತ ಪ್ರದೇಶಗಳಿವೆ: 2016ರಲ್ಲಿ ಘೋಷಣೆಯಾದ ತಿಮ್ಲಾಪುರ ಅಭಯಾರಣ್ಯ, 2019ರಲ್ಲಿ ಘೋಷಣೆಯಾದ ಬುಕ್ಕಾಪಟ್ಟಣ ಚಿಂಕಾರ ಅಭಯಾರಣ್ಯ, 2007ರಿಂದ ಇರುವ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು. ಆದರೆ ಕರಡಿ, ಚಿರತೆ, ತೋಳ, ನರಿಗಳು ಅವುಗಳ ಗಡಿಯೊಳಗಷ್ಟೇ ಉಳಿಯುವುದಿಲ್ಲ. ಊರು, ಕೆರೆ ಅಂಗಳ, ಕಡ್ಲೇಕಾಯಿ ಹೊಲಗಳ ಅಂಚಿನಲ್ಲೇ ಅವುಗಳ ಓಡಾಟ. ಇಂಥ ಕಡೆ ಎಲ್ಲಿ ಗೇಟು ಹಾಕುವುದು?

ಉತ್ತರ ರಸ್ತೆಯ ಕೆಳಗೇ ಇದೆ. ಹಳ್ಳ ಅಡ್ಡ ಬರುವಲ್ಲೆಲ್ಲ ಮೋರಿ ಅಥವಾ ಕಿರುಸೇತುವೆ ಕಟ್ಟಿದ್ದಾರೆ. ಈ ಬಯಲುಸೀಮೆಯ ಹಳ್ಳಗಳಲ್ಲಿ ನೀರು ಹರಿಯುವುದು ವರ್ಷಕ್ಕೆ ಕೆಲವೇ ದಿನ. ಮಿಕ್ಕ ದಿನಗಳಲ್ಲಿ ಅಲ್ಲಿರುವುದು ಒಣ ಮರಳು, ಎರಡೂ ದಡಕ್ಕೆ ಲಂಟಾನ, ಜಾಲಿಯ ಮರೆ. ಬೆಟ್ಟದಿಂದ ಇಳಿಯುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಹಾದಿ ಬೇಡ. ಆದರೆ ಮೋರಿಯ ಬಾಯಿಗೆ ಬಂದು ನೋಡಿದರೆ ಒಂದು ಕಡೆ ಕೋಳಿ ಅಂಗಡಿಯ ತ್ಯಾಜ್ಯ, ಇನ್ನೊಂದು ಕಡೆ ಮನೆ ಕೆಡವಿದ ಇಟ್ಟಿಗೆ ರಾಶಿ. ಇಲ್ಲವೇ ನೀರು ಧುಮುಕಿ ನೆಲ ಕೊರೆದು ಆಳುದ್ದದ ಗುಂಡಿ. ಬರಿಯ ಸಿಮೆಂಟ್ ಪೈಪ್ ಹಾಕಿದ್ದರೆ ಮುಂಗುಸಿ ನುಸುಳೀತು, ಕರಡಿ ಒಳಗೆ ಕಾಲಿಡದು. ಕೆಳಗೆ ದಾರಿ ಕಟ್ಟಿದ ಮೇಲೆ ಪ್ರಾಣಿ ಮೇಲೆ ಹತ್ತದೆ ಇನ್ನೇನು ಮಾಡೀತು?

ಪ್ರಾಣಿಗಳು ಕೆಳಸೇತುವೆ ಬಳಸುತ್ತವೆಯೇ ಎಂದು ಈಗ ಅನುಮಾನಪಡಬೇಕಿಲ್ಲ. ಪೆಂಚ್ ಹುಲಿ ಮೀಸಲಿನ ನಡುವೆ ಹಾಯುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಕಟ್ಟಿದ 9 ಸೇತುವೆಗಳ ಕೆಳಗೆ 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಕ್ಯಾಮೆರಾ ಇಟ್ಟಿತು. 18 ಬಗೆಯ ಪ್ರಾಣಿಗಳು ದಾಟಿದ್ದು ಸೆರೆಯಾಯಿತು. ಅದರಲ್ಲಿ ಹುಲಿ ಕಾಣಿಸಿಕೊಂಡಿದ್ದೇ 89 ಬಾರಿ. ನಮಗೆ ಅಷ್ಟು ದೊಡ್ಡ ಕಟ್ಟಡಗಳು ಎಲ್ಲ ಕಡೆಯೂ ಬೇಕಿಲ್ಲ. ಕರಡಿ ತಲೆ ತಗ್ಗಿಸದೆ ನಡೆಯುವಷ್ಟು ಎತ್ತರ, ಆ ತುದಿಯ ಬೆಳಕು ಈ ತುದಿಗೆ ಕಾಣುವಷ್ಟು ಅಗಲ, ತಳಕ್ಕೆ ಕಾಂಕ್ರೀಟಿನ ಬದಲು ಮಣ್ಣು. ಇಷ್ಟಿದ್ದರೆ ಸಾಕು.

ಕೃಷ್ಣಮೃಗದ ಕಥೆ ಬೇರೆ. ಅದು ಬಯಲಿನ ಪ್ರಾಣಿ, ಕಣ್ಣು ಮತ್ತು ಓಟವನ್ನು ನಂಬಿ ಬದುಕುವಂಥದ್ದು. ಕತ್ತಲೆಯ ಮೋರಿಯೊಳಗೆ ಅದು ನುಗ್ಗಲಾರದು. ಅಮೆರಿಕದ ವಯೋಮಿಂಗ್‌ನ ಟ್ರ್ಯಾಪರ್ಸ್ ಪಾಯಿಂಟ್‌ನಲ್ಲಿ ಪ್ರಾಂಗ್‌ಹಾರ್ನ್ ಎಂಬ ಇಂಥದೇ ಬಯಲು ಪ್ರಾಣಿಗಾಗಿ 2012ರಲ್ಲಿ ಹೆದ್ದಾರಿಯ ಮೇಲೆ ಹುಲ್ಲಿನ ಸೇತುವೆಗಳನ್ನು ಕಟ್ಟಿದರು. ಮೈದನಹಳ್ಳಿಯ ಮೀಸಲು 798 ಎಕರೆಯದು. ಮೃಗಗಳು ಸುತ್ತಲಿನ ಹೊಲಗಳಿಗೂ ಬಂದು ಹೋಗುತ್ತವೆ, ಹಾಗಾಗಿ ಸೇತುವೆ ಕಟ್ಟಲು ಒಂದು ಜಾಗವೆಂದು ಗುರುತಿಸುವುದು ಕಷ್ಟ. ಅಲ್ಲಿ ವಾಹನದ ವೇಗವನ್ನೇ ಇಳಿಸಬೇಕು. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಾಲು ಬ್ರೇಕ್ ತುಳಿಯುವ ಮೊದಲೇ ಮೃಗ ಬಂಪರಿಗೆ ಬಂದಿರುತ್ತದೆ. 40ಕ್ಕೆ ಇಳಿಸಿದರೆ ಇಬ್ಬರಿಗೂ ಸಮಯ ಸಿಗುತ್ತದೆ. ಇನ್ನೊಂದು ಮಾತು ಚಾಲಕರಿಗೆ: ಒಂದು ಜಿಗಿದು ದಾಟಿತೆಂದು ಆಕ್ಸಲರೇಟರ್ ಒತ್ತಬೇಡಿ. ಹಿಂಡು ಅದರ ಹಿಂದೆಯೇ ಬರುತ್ತದೆ. ಹಾರ್ನ್ ಬೇಡ, ದೀಪವನ್ನು ಡಿಮ್ ಮಾಡಿ ನಿಲ್ಲಿಸಿ. ಗಾಯಗೊಂಡ ಪ್ರಾಣಿ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿ, ರಾಗಿ ಒಕ್ಕಣೆ ರಸ್ತೆಯ ಮೇಲೇ ನಡೆಯುತ್ತದೆ. ಚೆಲ್ಲಿದ ಕಾಳಿಗೆ ಬೆಳವ, ನವಿಲು ಬರುತ್ತವೆ, ರಾತ್ರಿ ಇಲಿ, ಇಲಿಯ ಹಿಂದೆ ಹಾವು. ರೈತರನ್ನು ಬೈದು ಪ್ರಯೋಜನವಿಲ್ಲ, ಊರಿಗೊಂದು ಸಿಮೆಂಟಿನ ಕಣ ಮಾಡಿಕೊಟ್ಟರೆ ಯಾರೂ ರಸ್ತೆಗೆ ಬರುವುದಿಲ್ಲ. ಹಾಗೆಯೇ ರಸ್ತೆ ಅಗಲ ಮಾಡುವಾಗ ಎರಡೂ ಬದಿಯ ಹುಣಸೆ, ಆಲ ಉರುಳುತ್ತವೆ. ಕೊಂಬೆಯಿಂದ ಕೊಂಬೆಗೆ ಸಾಗುವ ಕಾಡುಪಾಪಕ್ಕೆ ಆಮೇಲೆ ಉಳಿಯುವುದು ನೆಲ ಮಾತ್ರ, ಮತ್ತು ನೆಲದ ಮೇಲೆ ಅದರ ನಡಿಗೆ ಬಲು ನಿಧಾನ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳಿಗಾಗಿ ಮರದಿಂದ ಮರಕ್ಕೆ ಹಳೆಯ ಫೈರ್ ಹೋಸ್ ಕಟ್ಟಿ ದಾರಿ ಮಾಡಿಕೊಟ್ಟಿದ್ದಾರೆ. ಅಂಥದ್ದಕ್ಕೆ ತಗಲುವ ಖರ್ಚು ಎಷ್ಟು ತಾನೇ?

ಇದನ್ನು ಈಗಲೇ ಬರೆಯಲು ಕಾರಣ ತುಮಕೂರು–ರಾಯದುರ್ಗ ರೈಲು ಮಾರ್ಗ. ಅದು ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ರೈಲು ನಮಗೆ ಬೇಕು, ದಶಕಗಳಿಂದ ಕೇಳಿದ್ದೇವೆ. ಆದರೆ ಹಳಿಗೆಂದು ಏರಿಸುವ ಮಣ್ಣಿನ ದಿಬ್ಬ ಡಾಂಬರಿಗಿಂತ ದೊಡ್ಡ ಅಡ್ಡಗೋಡೆ. ಒಮ್ಮೆ ದಿಬ್ಬ ಎದ್ದ ಮೇಲೆ ಅದನ್ನು ಸೀಳಿ ಮೋರಿ ಅಗಲ ಮಾಡುವುದು ಯಾರಿಗೂ ಆಗದ ಕೆಲಸ. ನಕ್ಷೆಯಲ್ಲಿದ್ದಾಗ ಅದು ಒಂದು ಗೆರೆ ತಿದ್ದುವಷ್ಟೇ ಸುಲಭ. ಯಾವ ಹಳ್ಳದಲ್ಲಿ ಕರಡಿ ಇಳಿಯುತ್ತದೆ ಎಂಬುದು ಆಯಾ ಊರಿನ ಕುರಿಗಾಹಿಗಳಿಗೆ ಗೊತ್ತು. ಅರಣ್ಯ ಇಲಾಖೆಯವರು ಮತ್ತು ರೈಲ್ವೆಯ ಎಂಜಿನಿಯರುಗಳು ಅವರನ್ನು ಜೊತೆಗಿಟ್ಟುಕೊಂಡು, ದಿಬ್ಬ ಏಳದ ಕಡೆಯ ಒಂದೊಂದು ಹಳ್ಳವನ್ನೂ ಈ ಬೇಸಿಗೆಯಲ್ಲೇ ನಡೆದು ನೋಡಬೇಕು.